ಅಕ್ಕಡಿ ಸಾಲಿನಲ್ಲಿ ಹುಟ್ಟಿದ ಹಬ್ಬದೂಟ

ಸಂಕ್ರಾಂತಿಗೆ ಸಾರು ಯಾವುದು, ಪಲ್ಯ ಯಾವುದು, ಸಿಹಿಗೆ ಏನು ಎಂಬುದನ್ನು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ರೈತರ ಮನೆಗಳಲ್ಲಿ ಜನವರಿಯಲ್ಲಿ ಕೂತು ಯೋಚಿಸುತ್ತಿರಲಿಲ್ಲ. ಅದು ಇತ್ಯರ್ಥವಾಗುತ್ತಿದ್ದುದು ಆರು ತಿಂಗಳು ಮೊದಲೇ, ರಾಗಿ ಬಿತ್ತುವ ದಿನ. ಮುಂದೆ ಎತ್ತುಗಳ ಕೂರಿಗೆಯಲ್ಲಿ ರಾಗಿ ಇಳಿಯುತ್ತಿದ್ದರೆ, ಹಗ್ಗ ಕಟ್ಟಿದ ಬಿದಿರಿನ ಸಡ್ಡೆ ಹಿಡಿದು ಹಿಂದೆ ನಡೆಯುವ ಹೆಂಗಸು ಮಡಿಲಿನಿಂದ ಬೇರೆ ಕಾಳು ಬಿಡುತ್ತಾ ಹೋಗುತ್ತಿದ್ದಳು. ಇಷ್ಟು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ ಎಂಬುದು ಲೆಕ್ಕ. ಆ ಸಾಲಿಗೆ ಅವರೆ ಬಿದ್ದರೆ ಚಳಿಗಾಲಕ್ಕೆ ಹಿತಕಿದ ಬೇಳೆ ಸಾರು. ತೊಗರಿ ಬಿದ್ದರೆ ಯುಗಾದಿಗೆ ಒಬ್ಬಟ್ಟು. ಹುಚ್ಚೆಳ್ಳು ಬಿದ್ದರೆ ವರ್ಷವಿಡೀ ಚಟ್ನಿಪುಡಿ, ಜೊತೆಗೆ ಒಗ್ಗರಣೆಗೆ ಎಣ್ಣೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ವಯಸ್ಸು ಹೆಚ್ಚಿಲ್ಲ. ಹಳೆಯ ಬೆಂಗಳೂರು ಜಿಲ್ಲೆಯನ್ನು 1986ರ ಆಗಸ್ಟ್ 15ರಂದು ನಗರ, ಗ್ರಾಮಾಂತರ ಎಂದು ಎರಡು ಮಾಡಿದಾಗ ಅದು ಹುಟ್ಟಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಹೊಸ ಜಿಲ್ಲೆಯ ಪಾಲಾದ ಮೇಲೆ ನಾಲ್ಕೇ ತಾಲ್ಲೂಕು ಉಳಿದವು. ಇಲ್ಲಿನ ಊಟದ ಚರಿತ್ರೆ ಮಾತ್ರ ಜಿಲ್ಲೆಯ ಗಡಿಗಳಿಗಿಂತ ಬಹಳ ಹಳೆಯದು. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಕೆಂಪು ಮಣ್ಣು, ಕೆರೆಯ ಕೆಳಗೆ ಒಂದಿಷ್ಟು ಗದ್ದೆ, ಉಳಿದದ್ದೆಲ್ಲ ಹೊಲ. ಗದ್ದೆಯ ಅಕ್ಕಿ ಹಬ್ಬಕ್ಕೆ, ಹೊಲದ ರಾಗಿ ದಿನನಿತ್ಯಕ್ಕೆ. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಅಕ್ಕಿಗೂ ವಾದ ಹಚ್ಚಿ ರಾಗಿಯನ್ನು ಗೆಲ್ಲಿಸಿದರೂ, ಬಯಲುಸೀಮೆಯ ಹಬ್ಬದೆಲೆಯ ನಡುವೆ ಕೂತದ್ದು ಅನ್ನವೇ. ಅದರ ಸುತ್ತ ಬಡಿಸಿದ್ದರಲ್ಲಿ ಬಹುಪಾಲು ರಾಗಿ ಹೊಲದಿಂದ ಬಂದದ್ದು.

ಈ ಬೇಸಾಯವನ್ನು ವಿವರವಾಗಿ ಬರೆದಿಟ್ಟ ಹೊರಗಿನವರಲ್ಲಿ ಫ್ರಾನ್ಸಿಸ್ ಬುಕನನ್ ಮೊದಲಿಗರಲ್ಲೊಬ್ಬ. 1799ರಲ್ಲಿ ಶ್ರೀರಂಗಪಟ್ಟಣ ಕಂಪನಿಯ ಕೈಗೆ ಬಿದ್ದ ಮರುವರ್ಷವೇ, ಗೆದ್ದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಎಷ್ಟು ಹುಟ್ಟುತ್ತದೆ ಎಂದು ನೋಡಿಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಈ ವೈದ್ಯನನ್ನು ಕಳಿಸಿದ. 1800ರ ಮೇ ತಿಂಗಳಲ್ಲಿ ಬೆಂಗಳೂರು ತಲುಪಿದ ಬುಕನನ್ ಕೂರಿಗೆ, ಕುಂಟೆ, ಸಡ್ಡೆಗಳನ್ನು ಬಿಡದೆ ನೋಡಿದ. ಒಣಭೂಮಿಯಲ್ಲಿ ರಾಗಿಯೇ ಮುಖ್ಯ ಬೆಳೆ, ಅದರ ನಡುನಡುವೆ ಅವರೆ, ತೊಗರಿಯಂಥವು ಸಾಲಾಗಿ ಬೆಳೆಯುತ್ತವೆ ಎಂಬ ವಿವರ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿದೆ. ಬುಕನನ್‌ಗೆ ಬೇಕಾಗಿದ್ದುದು ಕಂದಾಯದ ಅಂದಾಜು. ಇವತ್ತು ಓದುವವರಿಗೆ ಅದೇ ಪುಟಗಳು ಇನ್ನೂರು ವರ್ಷ ಹಿಂದಿನ ಅಡುಗೆಮನೆಯ ದಾಸ್ತಾನು ಪಟ್ಟಿಯಾಗಿಯೂ ಒದಗುತ್ತವೆ.

ಅಕ್ಕಡಿ ಬೆಳೆ ರೈತನಿಗೆ ಆಪತ್ತಿನ ಆಸರೆಯೂ ಆಗಿತ್ತು. ಕಾಳುಕಡಿ ಗಿಡಗಳ ಬೇರು ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಆಳಕ್ಕೆ ಬೇರುಬಿಟ್ಟ ತೊಗರಿ, ಇಬ್ಬನಿಯಲ್ಲೇ ಜೀವ ಹಿಡಿಯುವ ಅವರೆ ಏನಾದರೂ ಕೊಡುತ್ತವೆ. ಎಲ್ಲವೂ ಒಟ್ಟಿಗೆ ಕೊಯ್ಲಿಗೆ ಬರುವುದಿಲ್ಲ ಎಂಬುದು ಇನ್ನೊಂದು ಅನುಕೂಲ. ಅಲಸಂದೆ ಮೊದಲು, ಆಮೇಲೆ ಸಾಸಿವೆ, ಹುಚ್ಚೆಳ್ಳು, ರಾಗಿ ಕೊಯ್ದ ಮೇಲೂ ಹೊಲದಲ್ಲೇ ನಿಲ್ಲುವ ಅವರೆ, ಕೊನೆಗೆ ತೊಗರಿ. ಹಬ್ಬಗಳೂ ಹೀಗೆಯೇ ಸಾಲಾಗಿ ಬರುವುದರಿಂದ ಪ್ರತಿ ಹಬ್ಬಕ್ಕೂ ಒಂದು ಕಾಳು ತಾನಾಗಿ ಗೊತ್ತಾಗುತ್ತಿತ್ತು.

ಇವುಗಳಲ್ಲಿ ಯಜಮಾನಿಕೆ ಅವರೆಯದು. ನಾಟಿ ಅವರೆ ಹಗಲು ಗಿಡ್ಡವಾಗುವವರೆಗೆ ಹೂ ಬಿಡುವುದಿಲ್ಲ. ಜೂನ್‌ನಲ್ಲಿ ಬಿತ್ತಿ, ಎಷ್ಟೇ ಗೊಬ್ಬರ ಹಾಕಿದರೂ ಅದು ಕಾಯಿ ಕೊಡುವುದು ಚಳಿಗಾಲಕ್ಕೇ. ಡಿಸೆಂಬರ್ ಬಂತೆಂದರೆ ಹೊಸಕೋಟೆ, ದೊಡ್ಡಬಳ್ಳಾಪುರದ ರಸ್ತೆ ಬದಿಗಳಲ್ಲಿ ಗೋಣಿತಾಟಿನ ಮೇಲೆ ಹಸಿರು ಗುಡ್ಡೆಗಳು ಏಳುತ್ತವೆ. “ಸೊಗಡಿನ ಕಾಯಿ ಕಣಕ್ಕಾ, ಮೂಸಿ ನೋಡು” ಎಂದು ಮಾರುವವಳು ಒಂದು ಹಿಡಿ ಮುಂದೆ ಚಾಚುತ್ತಾಳೆ. ಕೈಗೆ ಅಂಟುವ ಎಣ್ಣೆಯಂಥ ಆ ಜಿಗುಟಿನಲ್ಲೇ ವಾಸನೆ ಇರುವುದು. ಅದಕ್ಕೆ ಕಾರಣ ಸಿಪ್ಪೆಯ ಮೇಲಿನ ಕೆಲವು ಕೊಬ್ಬಿನ ಆಮ್ಲಗಳು ಎಂದು ರಸಾಯನಶಾಸ್ತ್ರಜ್ಞರು ಗುರುತಿಸಿದ್ದಾರೆ. ಮಂಜು ಬಿದ್ದಷ್ಟೂ ಸೊಗಡು ಏರುತ್ತದೆ ಎನ್ನುವುದು ಬೆಳೆದವರ ಮಾತು.

ಹಿತಕಿದ ಬೇಳೆಯ ಕೆಲಸ ಹಬ್ಬದ ಹಿಂದಿನ ರಾತ್ರಿಯೇ ಶುರು. ಬಿಡಿಸಿದ ಕಾಳನ್ನು ನೀರಲ್ಲಿ ನೆನೆಹಾಕಿ, ಸಿಪ್ಪೆ ಉಬ್ಬಿದ ಮೇಲೆ ಮನೆಮಂದಿಯೆಲ್ಲ ಮೊರದ ಸುತ್ತ ಕೂರುತ್ತಾರೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಒಂದು ಸೇರು ಬೇಳೆ ಬೇಕಾದರೆ ಗಂಟೆಗಟ್ಟಲೆ ಕೂರಬೇಕು. ಬೆಳಿಗ್ಗೆ ಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ದನಿಯ, ಗಸಗಸೆ, ಚಕ್ಕೆ, ಲವಂಗ ಹುರಿದು ಒರಳಲ್ಲಿ ರುಬ್ಬುತ್ತಾರೆ. ಗಮನಿಸಿದರೆ ಇದು ಹೆಚ್ಚುಕಡಿಮೆ ಮಾಂಸದ ಸಾರಿನ ಮಸಾಲೆಯೇ. ಬಾಡು ಮಾಡಬಾರದ ಹಬ್ಬದ ದಿನವೂ ಬಾಡಿನ ರುಚಿ ಬೇಕೆನ್ನುವ ಮನೆಗಳಿಗೆ ಹಿತಕಿದ ಬೇಳೆ ಒದಗಿಬಂತು. ಮುದ್ದೆಗೂ ಆಯಿತು, ದೋಸೆಗೂ ಆಯಿತು, ಒತ್ತು ಶ್ಯಾವಿಗೆಗಂತೂ ಹೇಳಿ ಮಾಡಿಸಿದ ಜೋಡಿ. ಅದೇ ಶ್ಯಾವಿಗೆಗೆ ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು ಸುರಿದರೆ ಸಿಹಿಯೂ ತಯಾರು. ಶ್ಯಾವಿಗೆ ಒಂದು ಸಲ ಒತ್ತಿದರೆ ಖಾರಕ್ಕೂ ಸಿಹಿಗೂ ಆಗುತ್ತಿದ್ದುದರಿಂದ, ನೆಂಟರು ಎಷ್ಟು ಮಂದಿ ಬಂದರೂ ಮನೆಯಾಕೆ ಗಾಬರಿ ಬೀಳುತ್ತಿರಲಿಲ್ಲ.

ಇಂಥದೇ ಜಾಣತನ ಒಬ್ಬಟ್ಟಿನಲ್ಲಿದೆ. ತೊಗರಿಬೇಳೆಯನ್ನು ಹದವಾಗಿ ಬೇಯಿಸಿ, ನೀರು ಬಸಿದು, ಬೆಲ್ಲ ಸೇರಿಸಿ ರುಬ್ಬಿದರೆ ಹೂರಣ. ಬಸಿದ ನೀರು, ಅಂದರೆ ಕಟ್ಟು, ಚೆಲ್ಲುವ ವಸ್ತುವಲ್ಲ. ಅದಕ್ಕೆ ಹುಣಸೆಹುಳಿ, ರುಬ್ಬಿದ ಮಸಾಲೆ, ಒಂದು ಉಂಡೆ ಹೂರಣ ಹಾಕಿ ಕುದಿಸಿದರೆ ಒಬ್ಬಟ್ಟಿನ ಸಾರು. ಆವತ್ತಿಗಿಂತ ಮರುದಿನ ಅದರ ರುಚಿ ಹೆಚ್ಚು ಎಂಬುದಕ್ಕೆ ಈ ಸೀಮೆಯಲ್ಲಿ ಎದುರು ಮಾತಾಡುವವರಿಲ್ಲ. ಸಿಹಿ ಯಾವುದು ಎಂದು ನಿರ್ಧಾರವಾದರೆ ಸಾರು ಯಾವುದು ಎಂಬುದೂ ಅದರಲ್ಲೇ ಇತ್ಯರ್ಥ. ವಾರದ ದಿನಗಳ ಬಸ್ಸಾರಿನ ಸೂತ್ರವೂ ಇದೇ: ಕಾಳು ಸೊಪ್ಪು ಬೇಯಿಸಿದ ನೀರು ಸಾರಿಗೆ, ಬಸಿದ ಕಾಳು ಪಲ್ಯಕ್ಕೆ. ಹೆಸರುಬೇಳೆ ಕೋಸಂಬರಿಗಾದರೆ ಒಲೆಯೇ ಬೇಡ. ಸೌದೆ, ನೀರು, ಬೇಳೆ ಮೂರನ್ನೂ ಅಳೆದು ಬಳಸಬೇಕಾದ ಒಣಸೀಮೆಯಲ್ಲಿ ಹಬ್ಬದ ಅಡುಗೆಯೂ ಅಳತೆ ಮೀರಲಿಲ್ಲ.

ಕನ್ನಡದಲ್ಲಿ ಅಡುಗೆಯನ್ನು ಬರೆದಿಡುವ ಪದ್ಧತಿಯೇನೋ ಹಳೆಯದು. ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕಕ್ಕೇ ಒಂದು ಭಾಗವಿದೆ. ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ ಬರೆದ. ಇವೆಲ್ಲ ಓದುಬರಹ ಬಲ್ಲವರ, ಉಳ್ಳವರ ಅಡುಗೆಮನೆಗೆ ಹತ್ತಿರವಾದ ಬರಹ. ರಾಗಿ ಹೊಲದ ಮನೆಗಳ ಹಬ್ಬದಡುಗೆ ಬಾಯಿಂದ ಬಾಯಿಗೆ, ಅತ್ತೆಯಿಂದ ಸೊಸೆಗೆ ಬಂತು.

ಸಿಹಿಯ ಕಥೆಯಲ್ಲಿ ದೇವನಹಳ್ಳಿಗೆ ಬೇರೆಯೇ ಸ್ಥಾನವಿದೆ. 1908ರ ಆಸುಪಾಸಿನಲ್ಲಿ ಹೊರಬಂದ ಇಂಪೀರಿಯಲ್ ಗೆಜೆಟಿಯರ್ ಆ ತಾಲ್ಲೂಕಿನ ಬಗ್ಗೆ ಹೇಳುವಾಗ ಎರಡು ವಸ್ತುಗಳನ್ನು ಎತ್ತಿಕೊಳ್ಳುತ್ತದೆ: ಬೆಂಗಳೂರು, ಮದರಾಸು ಪೇಟೆಗಳಿಗೆ ಹೋಗುತ್ತಿದ್ದ ಆಲೂಗಡ್ಡೆ, ಮತ್ತು ಟಿಪ್ಪುವಿನ ಕಾಲದಲ್ಲಿ ಚೀನೀಯರಿಂದ ಕಲಿತು ತಯಾರಿಸಿದ ಉತ್ತಮ ಸಕ್ಕರೆ. ಟಿಪ್ಪು ಹುಟ್ಟಿದ ಊರಲ್ಲಿ ಚೀನೀ ವಿಧಾನದ ಸಕ್ಕರೆ! ಆದರೆ ಆ ಬಿಳಿ ಸಕ್ಕರೆ ರೈತರ ಹಬ್ಬದೆಲೆಗೆ ಇಳಿದಂತೆ ಕಾಣುವುದಿಲ್ಲ. ಈ ಸೀಮೆಯ ಹಬ್ಬದ ತಿನಿಸುಗಳ ಪಟ್ಟಿ ಮಾಡಿದರೆ ಸಾಕು: ಒಬ್ಬಟ್ಟು, ದೀಪಾವಳಿಯ ಕಜ್ಜಾಯ, ನಾಗರ ಪಂಚಮಿಯ ಚಿಗಳಿ, ಊರಹಬ್ಬದ ತಂಬಿಟ್ಟು, ಗೌರಿ ಗಣೇಶನ ಕಡುಬು, ಸಂಕ್ರಾಂತಿಯ ಸಿಹಿ ಹುಗ್ಗಿ. ಎಲ್ಲಕ್ಕೂ ಬೆಲ್ಲವೇ ಮೂಲ. ಸಕ್ಕರೆ ಮುಖ್ಯವಾಗಿ ಒಳಬಂದದ್ದು ಸಂಕ್ರಾಂತಿಯ ಅಚ್ಚುಗಳ ರೂಪದಲ್ಲಿ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜದ ಮಿಶ್ರಣದ ಜೊತೆ ಅದೂ ತಟ್ಟೆ ಏರಿತು.

ಹಣ್ಣಿಗೆ ಚಕ್ಕೋತ. ದೇವನಹಳ್ಳಿ ಚಕ್ಕೋತದ ಸಿಪ್ಪೆ ಸುಲಿದರೆ ಒಳಗೆ ನಸುಗೆಂಪು ತೊಳೆ, ಹುಳಿ ಕಡಿಮೆ, ರಸ ಹೆಚ್ಚು. ಇದಕ್ಕೂ ಬೆಂಗಳೂರು ನೀಲಿ ದ್ರಾಕ್ಷಿಗೂ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಸುತ್ತ ದ್ರಾಕ್ಷಿ ಹಬ್ಬುವುದಕ್ಕೆ ಬೆಂಗಳೂರಿನ ಪೇಟೆ ಕಾರಣ. ಇವತ್ತಿನ ಹಾಪ್‌ಕಾಮ್ಸ್ ಕೂಡ 1959ರಲ್ಲಿ, ಎಂ.ಎಚ್. ಮರಿಗೌಡರ ಮುತುವರ್ಜಿಯಲ್ಲಿ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿಯೇ ಹುಟ್ಟಿತು.

ಸುಗ್ಗಿಯ ಕೃತಜ್ಞತೆಗೆ ಇಲ್ಲಿ ಒಂದೇ ದಿನ ಎಂದಿಲ್ಲ. ಒಕ್ಕಣೆ ಮುಗಿದ ಮೇಲೆ ಕಣದಲ್ಲಿ ರಾಶಿಗೆ ಪೂಜೆ. ಡಿಸೆಂಬರ್, ಜನವರಿಯಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಜಾತ್ರೆ, ಅದರೊಂದಿಗೆ ದೂರದೂರದ ರೈತರು ಎತ್ತು ಹೊಡೆದುಕೊಂಡು ಬರುವ ದನಗಳ ಪರಿಷೆ. ಸಂಕ್ರಾಂತಿಯಂದು ದನಗಳ ಮೈ ತೊಳೆದು, ಅರಿಸಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ ಸಂಜೆ ಕಿಚ್ಚು ಹಾಯಿಸುತ್ತಾರೆ. ಅವತ್ತಿನ ಎಡೆಯಲ್ಲಿ ಹೊಸ ಅಕ್ಕಿಯ ಹುಗ್ಗಿ ಒಂದು ಕಡೆ, ಬೇಯಿಸಿದ ಅವರೆಕಾಯಿ, ಕಡಲೆಕಾಯಿ, ಗೆಣಸು ಇನ್ನೊಂದು ಕಡೆ. ಮಸಾಲೆಯಿಲ್ಲ, ಒಗ್ಗರಣೆಯಿಲ್ಲ. ಹೊಲದಲ್ಲಿ ಬಂದದ್ದನ್ನು ಬಂದಂತೆಯೇ ಉಪ್ಪು ನೀರಲ್ಲಿ ಬೇಯಿಸಿ ದೇವರ ಮುಂದಿಡುವುದು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದರ ಹಿಂದೆ ಇರುವುದೂ ಮೊದಲ ಫಸಲು ಬಸವನಿಗೆ ಎಂಬ ಇದೇ ನಡವಳಿಕೆ.

ಆ ಎಡೆಯಲ್ಲಿ ಒಂದು ಸ್ವಾರಸ್ಯವಿದೆ. ಅವರೆ ಈ ನೆಲಕ್ಕೆ ಬಹಳ ಹಳೆಯದು. ಕಡಲೆಕಾಯಿ, ಗೆಣಸು ಎರಡೂ ಅಮೆರಿಕ ಖಂಡದವು, ಪೋರ್ಚುಗೀಸರು ಸಮುದ್ರ ದಾಟಿಬಂದ ಮೇಲೆ ಇತ್ತ ಬಂದವು. ಪಿತೃಪಕ್ಷದ ಎಡೆಗೆ ಬೇಕೇಬೇಕೆನ್ನುವ ಸಿಹಿಗುಂಬಳದ ಪಲ್ಯ, ಒಗ್ಗರಣೆಯ ಒಣಮೆಣಸಿನಕಾಯಿ, ದೇವನಹಳ್ಳಿಯ ಆಲೂಗಡ್ಡೆ ಇವುಗಳ ತವರೂ ಅದೇ. ನಾಲ್ಕೈದು ತಲೆಮಾರು ಕಳೆಯುವಷ್ಟರಲ್ಲಿ ಪರದೇಶದ ಗೆಡ್ಡೆ ಕಾಯಿಗಳು ಹಿರಿಯರ ಎಡೆಗೇ ಸಲ್ಲುವ ಪದಾರ್ಥಗಳಾದವು.

ಅವುಗಳ ತವರಿನಲ್ಲೂ ಸುಗ್ಗಿಯ ಊಟದ ಕಥೆ ಇದಕ್ಕೆ ಹತ್ತಿರವಾಗಿಯೇ ಸಾಗಿದೆ. ಉತ್ತರ ಅಮೆರಿಕದ ಹೊಡೆನೊಶೋನಿ ಮೂಲನಿವಾಸಿಗಳು ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳವನ್ನು ಒಂದೇ ಪಾತಿಯಲ್ಲಿ ಬೆಳೆದು ‘ಮೂವರು ಅಕ್ಕತಂಗಿಯರು’ ಎಂದು ಕರೆದರು. ಜೋಳದ ದಂಟಿಗೆ ಬಳ್ಳಿ ಹಬ್ಬುತ್ತದೆ, ಬಳ್ಳಿಯ ಬೇರು ಮಣ್ಣಿಗೆ ಸಾರ ಕೊಡುತ್ತದೆ, ಕುಂಬಳದ ಎಲೆ ತೇವ ಆರದಂತೆ ನೆಲ ಮುಚ್ಚುತ್ತದೆ. ನಮ್ಮ ಅಕ್ಕಡಿಯ ಲೆಕ್ಕಾಚಾರವೇ. ಅಬ್ರಹಾಂ ಲಿಂಕನ್ 1863ರಲ್ಲಿ ದೇಶಕ್ಕೆಲ್ಲ ಸಾರಿದ, 1941ರ ಕಾಯ್ದೆಯಿಂದ ನವೆಂಬರ್ ತಿಂಗಳ ನಾಲ್ಕನೇ ಗುರುವಾರಕ್ಕೆ ನಿಂತ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಟರ್ಕಿ ಕೋಳಿಯ ಸುತ್ತ ಕೂರುವುದು ಹೆಚ್ಚಾಗಿ ಇದೇ ಹೊಲದ ಮಕ್ಕಳು: ಜೋಳದ ರೊಟ್ಟಿ, ಹುರುಳಿಕಾಯಿ, ಸಿಹಿಗೆ ಕುಂಬಳದ ಪೈ. ಕಾಲ ಕಳೆದಂತೆ ಅಲ್ಲಿ ಹೊಲದ ಜಾಗಕ್ಕೆ ಡಬ್ಬಿ ಬಂತು. ಈಗ ಆ ಊಟದ ಕಾಯಂ ಸದಸ್ಯನಾಗಿರುವ ಹುರುಳಿಕಾಯಿ ಕ್ಯಾಸರೋಲ್ 1955ರಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಎಂಬಾಕೆಯ ತಂಡ ಸಿದ್ಧಪಡಿಸಿದ್ದು. ಡಬ್ಬಿಯ ಅಣಬೆ ಸೂಪು ಅದರ ಆಧಾರ. ಆ ನಾಡಿಗೆ ಹೋಗಿ ನೆಲೆಸಿದ ಕನ್ನಡದ ಮನೆಗಳೂ ಅವರೆಗೆ ಹೀಗೊಂದು ಉಪಾಯ ಕಂಡುಕೊಂಡಿವೆ. ಗುಜರಾತಿ ಅಂಗಡಿಯ ಫ್ರೀಜರ್‌ನಲ್ಲಿ ಸಿಗುವ ‘ಸೂರ್ತಿ ಪಾಪ್ಡಿ ಲೀಲ್ವಾ’ ತಂದು, ನೆನೆಸಿ, ಹಿತಕಿ, ಸಾರು ಮಾಡುತ್ತಾರೆ. ಅವರೆಯ ದಾಯಾದಿಯೇ ಆದ್ದರಿಂದ ಹಿತಕುವುದಕ್ಕೆ ಅಡ್ಡಿಯಿಲ್ಲ. ಸೊಗಡು ಮಾತ್ರ ಫ್ರೀಜರ್‌ನಲ್ಲಿ ಸಿಗುವುದಿಲ್ಲ.

ಮಾಂಸದ ಹಬ್ಬಕ್ಕೆ ಯೋಜನೆಯೇ ಬೇರೆ. ಯುಗಾದಿಯಂದು ಒಬ್ಬಟ್ಟು, ಮರುದಿನ ಹೊಸತೊಡಕು. ಇದಕ್ಕಾಗಿ ಊರಿನ ಹತ್ತಾರು ಮನೆಗಳವರು ಸೇರಿ ಹಣ ಹಾಕಿ ಕುರಿ ಕೊಳ್ಳುತ್ತಾರೆ. ಬೆಳಗಿನ ಜಾವ ಕೊಯ್ದು, ಹಾಸಿದ ಎಲೆಗಳ ಮೇಲೆ ಸಮನಾಗಿ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಗೂ ಮೆತ್ತನೆಯದು, ಮೂಳೆ, ಕೊಬ್ಬು, ಈಲಿ ಎಲ್ಲ ಒಂದಿಷ್ಟು ಬೀಳಲೇಬೇಕು. ಯಾರಿಗೆ ಯಾವ ಗುಡ್ಡೆ ಎಂಬುದರಲ್ಲಿ ಜಗಳ ಬರಬಾರದೆಂದೇ ಈ ಕಟ್ಟುನಿಟ್ಟು. ಮನೆಗೆ ಬಂದ ಗುಡ್ಡೆಯಿಂದಲೇ ಅವತ್ತಿನ ಅಡುಗೆ ಏನೆಂದು ಗೊತ್ತಾಗುತ್ತದೆ: ಮೂಳೆ ಸಾರಿಗೆ, ಮೆತ್ತನೆಯದು ಚಾಪ್ಸಿಗೆ, ಬೋಟಿ ಪಾಲಿಗೆ ಬಂದರೆ ಗೊಜ್ಜಿಗೆ. ಅಂಗಡಿಯಲ್ಲಿ ಬೇಕಾದ ತುಂಡು ಆರಿಸಿ ತರುವ ಈ ಕಾಲದಲ್ಲೂ ಗುಡ್ಡೆ ಮಾಂಸಕ್ಕೆ ಹೆಸರು ಕೊಡುವವರು ಕಡಿಮೆಯಾಗಿಲ್ಲ.

ಗುಡ್ಡೆ ಮಾಂಸ ಉಳಿಯಿತು, ಅಕ್ಕಡಿ ಸೊರಗಿತು. ಇದಕ್ಕೆ ಕಾರಣ ಒಂದೆರಡಲ್ಲ. ನೀಲಗಿರಿ ಮರ ಈ ಭಾಗಕ್ಕೆ ಹೊಸದೇನಲ್ಲ, 1790ರ ಹೊತ್ತಿಗೇ ನಂದಿಬೆಟ್ಟದಲ್ಲಿ ಅದನ್ನು ನೆಡಲಾಗಿತ್ತು. ಬೆಟ್ಟದಲ್ಲಿದ್ದ ಮರ ರಾಗಿ ಹೊಲಕ್ಕೆ ಇಳಿದದ್ದು 1980ರ ದಶಕದಲ್ಲಿ. 1983ರಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಶುರುವಾದಾಗ ಸಸಿಗಳು ಸಲೀಸಾಗಿ ಸಿಕ್ಕವು. ಕೂಲಿಯಾಳಿನ ತಾಪತ್ರಯವಿಲ್ಲ, ಮಳೆಯ ಚಿಂತೆಯಿಲ್ಲ, ಕೆಲವು ವರ್ಷಕ್ಕೊಮ್ಮೆ ಕಡಿದು ಮಾರಿದರಾಯಿತು. ಹೊಸಕೋಟೆ, ದೇವನಹಳ್ಳಿ, ಪಕ್ಕದ ಕೋಲಾರದ ಎಷ್ಟೋ ಹೊಲಗಳು ತೋಪುಗಳಾದವು. ನೀಲಗಿರಿಯ ಕೆಳಗೆ ಅವರೆ ಬರುವುದಿಲ್ಲ. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರ ತಡೆದದ್ದು 2017ರಲ್ಲಿ. ಆ ಹೊತ್ತಿಗೆ ಹೊಲ ಬಿತ್ತುವ ಅಭ್ಯಾಸವೇ ಎಷ್ಟೋ ಮನೆಗಳಲ್ಲಿ ತಪ್ಪಿಹೋಗಿತ್ತು.

ಒಳ್ಳೆಯ ಉದ್ದೇಶದ ಬದಲಾವಣೆಗಳೂ ಅಕ್ಕಡಿಯನ್ನು ಬದಿಗೆ ತಳ್ಳಿದವು. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಭಾರತದ, ಆಫ್ರಿಕಾದ ತಳಿಗಳನ್ನು ಕೂಡಿಸಿ ತಂದ ಇಂಡಾಫ್ ರಾಗಿ ಇಳುವರಿಯನ್ನು ಬಹಳ ಮೇಲಕ್ಕೆ ಒಯ್ದಿತು. ರಾಗಿಯಿಂದಲೇ ಇಷ್ಟು ಬರುವಾಗ ಸಾಲು ಬಿಟ್ಟುಕೊಡುವುದೇಕೆ ಎನ್ನಿಸಿದರೆ ರೈತನದು ತಪ್ಪಲ್ಲ. ಕಳೆನಾಶಕ ಹೊಡೆಯುವುದಕ್ಕೂ ಕೊಯ್ಲಿನ ಯಂತ್ರ ಇಳಿಸುವುದಕ್ಕೂ ಬೆರಕೆ ಬೆಳೆ ಅಡ್ಡ. ಇತ್ತ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆಯ ಎಚ್.ಎ.-3, ಎಚ್.ಎ.-4 ತಳಿಗಳನ್ನು ಕೊಟ್ಟಿತು. ಇವು ಹಗಲು ಗಿಡ್ಡವಾಗಲೆಂದು ಕಾಯುವುದಿಲ್ಲ, ಬಳ್ಳಿ ಹಬ್ಬುವುದಿಲ್ಲ, ನೀರಿದ್ದರೆ ವರ್ಷದಲ್ಲಿ ಯಾವಾಗ ಬಿತ್ತಿದರೂ ಕಾಯಿ ಬಿಡುತ್ತವೆ. ಜುಲೈ ತಿಂಗಳಲ್ಲೂ ಅವರೆಕಾಳು ಸಿಗುವುದು ಇವುಗಳಿಂದಲೇ. ಬೆಳೆಗಾರನಿಗೆ ದುಡ್ಡಾಯಿತು, ಕೊಳ್ಳುವವನಿಗೆ ಕಾಳಾಯಿತು. ಚಳಿಗಾಲಕ್ಕೂ ಅವರೆಗೂ ಇದ್ದ ನಂಟು ಸಡಿಲಿತು. 2000ದಲ್ಲಿ ಬೆಂಗಳೂರಿನ ವಿ.ವಿ. ಪುರಂನಲ್ಲಿ ಆರಂಭವಾದ ಅವರೆಬೇಳೆ ಮೇಳದಲ್ಲಿ ಅವರೆಯ ಜಿಲೇಬಿ, ಐಸ್‌ಕ್ರೀಂವರೆಗೂ ಆಟ ಸಾಗಿತು. ಹೊಲದ ಮನೆಯಲ್ಲಿ ಖಾರದ ಪಕ್ಕ ಕೂರುತ್ತಿದ್ದ ಕಾಳು ಪೇಟೆಯಲ್ಲಿ ಸಿಹಿಯಾಯಿತು.

ಎಲ್ಲಕ್ಕಿಂತ ದೊಡ್ಡದು ನೆಲದ ಬೆಲೆ. ದೇವನಹಳ್ಳಿಯ ಬಳಿ ಸುಮಾರು 4,000 ಎಕರೆಯಲ್ಲಿ ಎದ್ದ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು. ಸುತ್ತಲ ಹೊಲಗಳಲ್ಲಿ ಕೂರಿಗೆಯ ಸಾಲಿನ ಬದಲು ಸೈಟಿನ ಕಲ್ಲುಗಳ ಸಾಲು ಬಂತು. ಇದಕ್ಕೆ ಒಪ್ಪದವರೂ ಇದ್ದರು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಪಡೆಯಲು ಸರ್ಕಾರ ಹೊರಟಾಗ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಭೂಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ರಾಗಿ, ದ್ರಾಕ್ಷಿ, ತರಕಾರಿ ಬೆಳೆಯುವ ಭೂಮಿ ಅದು.

ಹಬ್ಬದಡುಗೆಯ ವಿಧಾನಗಳನ್ನು ಉಳಿಸುವುದು ಈಗ ಕಷ್ಟವಲ್ಲ, ಪುಸ್ತಕಗಳಿವೆ, ಮೊಬೈಲಿನಲ್ಲಿ ವಿಡಿಯೊಗಳಿವೆ. ಕಷ್ಟವಿರುವುದು ನಾಟಿ ಬೀಜದಲ್ಲಿ, ಅದನ್ನು ಬಿತ್ತುವ ಸಾಲಿನಲ್ಲಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೆರಡು ಎಕರೆ ಉಳಿಸಿಕೊಂಡಿರುವವರು ಮುಂದಿನ ಮುಂಗಾರಿಗೆ ರಾಗಿಯ ನಡುವೆ ನಾಲ್ಕೇ ಸಾಲಾದರೂ ನಾಟಿ ಅವರೆ, ತೊಗರಿ, ಹುಚ್ಚೆಳ್ಳು ಹಾಕಿ ನೋಡಲಿ. ಬಲಿತ ಕಾಯಲ್ಲಿ ಒಂದಿಷ್ಟನ್ನು ಬೀಜಕ್ಕೆಂದು ಗಿಡದಲ್ಲೇ ಒಣಗಲು ಬಿಡಲಿ. ಬೆಂಗಳೂರಿನವರು ಡಿಸೆಂಬರ್, ಜನವರಿಯಲ್ಲಿ ಹೊಸಕೋಟೆ, ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಹೋಗುವಾಗ ಗಾಡಿ ನಿಲ್ಲಿಸಿ, ಕಾಯಿ ಮೂಸಿ, ಸೊಗಡಿದ್ದರೆ ಚೌಕಾಸಿ ಮಾಡದೆ ಕೊಳ್ಳಲಿ. ಮಳೆಗಾಲದಲ್ಲಿ ಬಿತ್ತಿ ಚಳಿಗಾಲದವರೆಗೆ ಕಾದವರಿಗೆ ನಾಲ್ಕು ಕಾಸು ಹೆಚ್ಚು ಸಿಕ್ಕರೆ ಮಾತ್ರ ಅವರು ಮರುವರ್ಷವೂ ಆ ಬೀಜವನ್ನು ಬಿತ್ತುತ್ತಾರೆ.